ಆ ಮಾತು ಯಾರಿಗೆ ಹೇಳಿದ್ದು

ಶಹಾಬಾದಿನ ಅಶೋಕಕುಮಾರನಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸವಿರಲಿಲ್ಲ. ಅವನು ಮಾಡುತ್ತಿದ್ದ ಕೆಲಸವೇ ಅವನನ್ನು ಹಾಗೆ ಮಾಡಿತು ಎಂದು ಹೆಂಡತಿ ಅನಸುಬಾಯಿ ಹೇಳುತ್ತಿದ್ದಳು. ನಲವತ್ತು ವರ್ಷ ಅವನು ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲುಗಳನ್ನು ಬಡಿದು ನೋಡುತ್ತಿದ್ದ. ಗಣಿಯಿಂದ ಬಂದ ಕಲ್ಲುಗಳನ್ನು ಗೋಡೆಗೆ ಸಾಲಾಗಿ ಆನಿಸಿ ನಿಲ್ಲಿಸಿದರೆ, ಸಣ್ಣ ಸುತ್ತಿಗೆಯಿಂದ ಒಂದೊಂದಕ್ಕೂ ಮೆಲ್ಲಗೆ ಹೊಡೆದು ಕಿವಿಗೊಡುವನು. ಗಟ್ಟಿ ಕಲ್ಲು ಠಣ್ ಎನ್ನುವುದು. ಒಳಗೆ ಬಿರುಕಿದ್ದ ಕಲ್ಲು, ಮೇಲೆ ಎಷ್ಟೇ ನುಣುಪಾಗಿರಲಿ, ಒಡಕು ಗಡಿಗೆ ತಟ್ಟಿದಂತೆ ಸದ್ದು ಮಾಡುವುದು. ಉಳಿದ ಹೊತ್ತು ಪಾಲಿಶ್ ಯಂತ್ರದ ಮುಂದೆ ನಿಂತು ಒದ್ದೆ ಕಲ್ಲಿನ ಮೇಲೆ ಕೈಯಾಡಿಸಿ ಆಡಿಸಿ ಅವನ ಬೆರಳುಗಳ ರೇಖೆಗಳೇ ಸವೆದುಹೋಗಿದ್ದವು.

ಹುಟ್ಟಿದ್ದು ಹತ್ತಿರದ ಭಂಕೂರಿನಲ್ಲಿ. ತಂದೆ ಗಣಿ ಕೂಲಿ. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯನಾದ ಇವನು ಮಿಶನ್ ಹಾಸ್ಟೆಲಿನಲ್ಲಿ ಏಳನೆಯ ಇಯತ್ತೆವರೆಗೆ ಓದಿ ತಾಯಿಯ ಜೊತೆ ಕ್ರೈಸ್ತನಾದ. ತಮ್ಮ ಭಗವಂತ ದೊಡ್ಡವನಾದ ಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡ. ಅಣ್ಣತಮ್ಮಂದಿರು ಒಬ್ಬರ ದೇವರ ಬಗ್ಗೆ ಇನ್ನೊಬ್ಬರು ಅನುಮಾನಪಡುತ್ತಲೇ ಒಂದೇ ತಟ್ಟೆಯಲ್ಲಿ ಉಂಡು ಬಂದರು. ಅನಸುಬಾಯಿ ದಂಡೋತಿಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅವರಿಗೆ ಇದ್ದವಳು ಒಬ್ಬಳೇ ಮಗಳು, ಪೂನಮ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಐದು ದಿನದ ಜ್ವರಕ್ಕೆ, ಅವಳು ತೀರಿಕೊಂಡು ಎಂಟು ವರ್ಷವಾಗಿತ್ತು.

ಕೊರೊನಾದ ಎರಡನೆಯ ಅಲೆ ಇಳಿದ ವರ್ಷ ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಭೂಮಿ ನಡುಗತೊಡಗಿತು. ನೆಲದೊಳಗಿನಿಂದ ಸಿಡಿಲಿನಂಥ ಸದ್ದು ಬರುತ್ತಿದೆಯೆಂದು ಅಲ್ಲಿಂದ ಬಂದವರು ಹೇಳಿದರು. ಜನ ಮನೆಯೊಳಗೆ ಮಲಗಲು ಹೆದರಿ ಅಂಗಳದಲ್ಲಿ ಹಾಸಿಕೊಂಡರು. ಅದೇ ದಿನಗಳಲ್ಲಿ ಸೇಡಂನಿಂದ ಅಜಯಕುಮಾರನೆಂಬ ಪ್ರಸಂಗಿ ಪ್ರತಿ ಭಾನುವಾರ ಮಧ್ಯಾಹ್ನ ಶಹಾಬಾದಿನ ಹತ್ತಿರದ ವಾಡಿಗೆ ಬಂದು, ಒಂದು ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಕೂಟ ನಡೆಸಲು ಶುರುಮಾಡಿದ. ಸೇಡಂ ಕಡೆ ಪಾಸ್ಟರನ್ನು ಅಯ್ಯಗಾರು ಎನ್ನುತ್ತಾರೆ. ವಾಡಿಯಲ್ಲೂ ಅದೇ ಹೆಸರು ನಿಂತಿತು. ಅಯ್ಯಗಾರು ಗೋಡೆಗೆ ಉದ್ದನೆಯ ಬಟ್ಟೆಯ ನಕಾಶೆ ತೂಗುಹಾಕುತ್ತಿದ್ದ. ಅದರ ಮೇಲೆ ಏಳು ತಲೆಯ ಮೃಗ, ಕುದುರೆಗಳು, ಉರಿಯುವ ಪಟ್ಟಣ. ಯುದ್ಧ ಬಂತು, ರೋಗ ಬಂತು, ಈಗ ಭೂಮಿ ನಡುಗಿತು, ಎಲ್ಲ ಗುರುತುಗಳೂ ಕೂಡಿಬಂದವು, ಲೋಕದ ಕೊನೆ ನಮ್ಮ ಕಣ್ಣೆದುರಿಗೇ ಎಂದು ಹೇಳುತ್ತಿದ್ದ.

ಅಶೋಕಕುಮಾರ ಒಂದು ಸಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬಂದ. ಅನಸುಬಾಯಿ ವಾರ ತಪ್ಪಿಸಲಿಲ್ಲ.

ತೊಡಕು ಶುರುವಾದದ್ದು ರೇಷನ್ ಅಂಗಡಿಯಲ್ಲಿ. ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಬಂದು ಮಷೀನಿನ ಮೇಲೆ ಹೆಬ್ಬೆರಳು ಒತ್ತಿ ತಾವು ಇದ್ದೇವೆಂದು ತೋರಿಸಬೇಕು, ಇಲ್ಲದಿದ್ದರೆ ಹೆಸರು ತೆಗೆಯುತ್ತಾರೆ ಎಂದು ಅಂಗಡಿಯ ಜಗದೇವಪ್ಪ ಎಲ್ಲರಿಗೂ ಸಾರಿ ಹೇಳಿದ. ಅಶೋಕಕುಮಾರ ಹತ್ತೂ ಬೆರಳು ಒತ್ತಿ ನೋಡಿದ. ಸವೆದ ಬೆರಳನ್ನು ಮಷೀನು ಗುರುತಿಸಲೇ ಇಲ್ಲ.

"ಮೊಬೈಲಿಗಿ ನಂಬರ್ ಬರ್ತದ, ಅದರ ಹೇಳ್ರಿ," ಎಂದ ಜಗದೇವಪ್ಪ.

ಆಧಾರಿಗೆ ಕೊಟ್ಟಿದ್ದ ಮೊಬೈಲ್ ನಂಬರು ಪೂನಮ್‌ಳದು. ಅದು ಬಂದ್ ಆಗಿ ಎಂಟು ವರ್ಷ.

"ಹಂಗಾರ ನಿಮ್ಮ ಮನ್ಯಾಗಿನವ್ರಿಗೆ ಕಳಸ್ರಿ. ಅವರದು ಒಂದು ಬಂತಂದ್ರ ನಿಮ್ಮ ಕಾರ್ಡ್ ಉಳೀತದ. ನಿಮ್ಮದು ಆಮ್ಯಾಲ ಅರ್ಜಿ ಕೊಟ್ಟು ಮಾಡಿಸಮು."

ಅಷ್ಟು ವರ್ಷ ಅಕ್ಕಿ ತಂದದ್ದೇ ಅನಸುಬಾಯಿಯ ಹೆಬ್ಬೆರಳಿನಿಂದ. ಆದರೆ ಈ ಸಲ ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಳು.

"ನಾ ಕೊಡಂಗಿಲ್ಲ. ಮೃಗದ ಗುರುತು ಬಲಗೈ ಮ್ಯಾಲ, ಇಲ್ಲಂದ್ರ ಹಣಿ ಮ್ಯಾಲ ಅಂತ ಬೈಬಲಿನಾಗ ಬರದದ. ಅದು ಇಲ್ದವರು ಏನೂ ತಗೊಳ್ಳಂಗಿಲ್ಲ, ಮಾರಂಗಿಲ್ಲ. ಈಗ ಹಂಗೇ ಆಗ್ಲಿಕತ್ತದ ಇಲ್ಲೋ? ಈ ಹೆಬ್ಬಟ್ಟೇ ಆ ಗುರುತು ಅಂದಾರ ಅಯ್ಯಗಾರು."

"ಇಷ್ಟು ದಿನ ಒತ್ತಿದ್ದಿ?"

"ಗೊತ್ತಿರಲಿಲ್ಲ. ಈಗ ಗೊತ್ತಾಗ್ಯಾದ."

ಅಶೋಕಕುಮಾರ ಆ ದಿನ ಮಾತು ಬೆಳೆಸಲಿಲ್ಲ. ಆದರೆ ಅಯ್ಯಗಾರನ ಮೇಲೆ ಅವನ ಕಣ್ಣು ಬಿತ್ತು. ಈ ಮನುಷ್ಯ ಏನೋ ಹೂಟ ಹೂಡಿದ್ದಾನೆ. ಬಡವರ ಹೆಸರು ಕಾರ್ಡಿನಿಂದ ಹೋದರೆ ಯಾರಿಗೋ ಲಾಭವಿರಬೇಕು. ಜಗದೇವಪ್ಪನೂ ಇದರಲ್ಲಿ ಕೂಡಿರಬಹುದೆ? ಎರಡು ದಿನ ಅವನು ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕುಳಿತು ಯಾರು ಬರುತ್ತಾರೆ, ಯಾರು ಹೋಗುತ್ತಾರೆ ನೋಡಿದ. ಏನೂ ಸಿಗಲಿಲ್ಲ.

ಆಮೇಲೆ ಮನೆಯಲ್ಲಿದ್ದ ಬೈಬಲ್ ತೆಗೆದ. ಯೇಸು ಶಿಷ್ಯರ ಎದುರು ಕುಳಿತು ಕೊನೆಯ ದಿನಗಳ ವಿಷಯ ಮಾತಾಡುವ ಅಧ್ಯಾಯವನ್ನು ಹುಡುಕಿ, ಕನ್ನಡಕ ಏರಿಸಿ, ಕಲ್ಲು ಬಡಿಯುವವನು ಬಡಿಯುವಂತೆ ಒಂದೊಂದೇ ಸಾಲು ಓದಿದ. ಯುದ್ಧ, ಬರ, ಭೂಕಂಪ, ಎಲ್ಲ ಅಯ್ಯಗಾರ ಹೇಳಿದಂತೆಯೇ ಇತ್ತು. ಆದರೆ ನಡುವೆ ಒಂದು ಕಡೆ ಅವನು ತಡೆದ. ಬೆಟ್ಟಕ್ಕೆ ಓಡಿಹೋಗಿ ಎಂದು ಹೇಳಿದ್ದು ಯೆರೂಸಲೇಮ್ ಇರುವ ಯೂದಾಯ ನಾಡಿನಲ್ಲಿ ಇದ್ದವರಿಗೆ. ನಿಮ್ಮ ಓಟ ಚಳಿಗಾಲದಲ್ಲಿ ಬಾರದಿರಲಿ ಎಂದು ಬೇಡಿಕೊಳ್ಳಿ ಎಂದೂ ಇತ್ತು.

ಚಳಿಗಾಲ ಯಾಕೆ? ಅಶೋಕಕುಮಾರ ಪುಸ್ತಕದಿಂದ ತಲೆಯೆತ್ತಿದ. ಶಹಾಬಾದಿನವನು ಮನೆ ಬಿಟ್ಟು ಓಡಬೇಕಾದರೆ ಚಳಿಗಾಲವೇ ಮೇಲು. ಮೇ ತಿಂಗಳಲ್ಲಿ ಓಡಿದರೆ ಬೆಟ್ಟ ಮುಟ್ಟುವ ಮೊದಲೇ ಬಿಸಿಲು ಬಡಿದು ಸಾಯುತ್ತಾನೆ. ನಮಗೇ ಹೇಳಿದ ಮಾತಾಗಿದ್ದರೆ ಬ್ಯಾಸಿಗ್ಯಾಗ ಬಾರದಿರಲಿ ಎಂದು ಇರಬೇಕಿತ್ತು. ಇದು ಚಳಿಗಾಲದಲ್ಲಿ ಮಳೆ ಬಿದ್ದು ದಾರಿ ಕೆಡುವ ಬೇರೆ ಯಾವುದೋ ನಾಡಿನವರಿಗೆ ಹೇಳಿದ ಮಾತು. ಮುಂದೆ ಓದಿದರೆ ಇನ್ನೂ ಒಂದು ಸಿಕ್ಕಿತು: ಈ ತಲೆಮಾರು ಅಳಿಯುವ ಮೊದಲೇ ಇದೆಲ್ಲ ನಡೆಯುತ್ತದೆ. ಈ ತಲೆಮಾರು ಎಂದರೆ ಯಾವುದು? ಮಾತಾಡುವವನು ಎದುರು ಕುಳಿತವರನ್ನು ನೋಡಿ 'ಈ' ಎಂದರೆ ಅವರೇ ಅಲ್ಲವೆ?

ಮರುದಿನ ರೈಲು ಹತ್ತಿ ಚಿತ್ತಾಪುರಕ್ಕೆ ಹೋದ. ತಮ್ಮ ಭಗವಂತನ ಮಗಳು ಲುಂಬಿನಿ ಅಲ್ಲಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ದೊಡ್ಡಪ್ಪನನ್ನು ಕೂಡಿಸಿಕೊಂಡು ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಕೊಟ್ಟಳು.

"ಯೆರೂಸಲೇಮಿನಾಗ ಯೇಸು ಹೋದ ಮ್ಯಾಲ ಏನರ ಆಗ್ಯಾದೇನು ಲುಂಬಿನಿ? ಯುದ್ಧ ಗಿದ್ಧ?"

"ಆಗ್ಯಾದ್ರಿ ದೊಡ್ಡಪ್ಪ. ದೊಡ್ಡದೇ ಆಗ್ಯಾದ. ಒಂದು ನಲವತ್ತು ವರ್ಷದ ಮ್ಯಾಲ ರೋಮಿನ ದಂಡು ಬಂದು ಊರಿಗಿ ಮುತ್ತಿಗಿ ಹಾಕ್ತು. ಒಳಗಿನ ಮಂದಿ ಹಸದು ಸತ್ತರು. ಗುಡಿ ಸುಟ್ಟು ಕೆಡವಿದ್ರು."

"ನಲವತ್ತು ವರ್ಷ." ಅಶೋಕಕುಮಾರ ರೊಟ್ಟಿ ಮುರಿಯುವುದನ್ನು ಬಿಟ್ಟ. "ಅಂದ್ರ ಮಾತು ಕೇಳಿದವ್ರೊಳಗ ಕೆಲವರು ಇನ್ನೂ ಬದುಕಿದ್ರು."

"ಇರಬೇಕು. ಆ ಮೃಗದ ನಂಬರ್ ಆರುನೂರ ಅರವತ್ತಾರು ಅಂತ ಅದ ನೋಡ್ರಿ, ಅದೂ ಆಗಿನ ರೋಮಿನ ಒಬ್ಬ ಬಾದಶಹನ ಹೆಸರಿನ ಅಕ್ಷರಗಳಿಗಿ ಅಂಕಿ ಹಿಡದು ಕೂಡಿಸಿದ್ರ ಬರ್ತದಂತ ಹೇಳ್ತಾರ. ಅವ ಕ್ರೈಸ್ತರಿಗಿ ಭಾಳ ಕಾಡಿದವ. ಇವೆಲ್ಲ ಆವಾಗೇ ಆಗಿ ಮುಗದಾವ ಅನ್ನೋರು ನಿಮ್ಮೊಳಗೇ ಇದ್ದಾರ."

ಅಶೋಕಕುಮಾರನ ಮುಖ ಅರಳಿದ್ದು ಲುಂಬಿನಿಯ ಕಣ್ಣಿಗೆ ಬಿತ್ತು. ಸುಳ್ಳು ಸಮಾಧಾನ ಕೊಡುವ ಸ್ವಭಾವ ಅವಳದಲ್ಲ.

"ಇನ್ನೊಂದೂ ಕೇಳ್ಕೊರಿ. ಯುದ್ಧ ಆದ ಮ್ಯಾಲೇ ಇದನ್ನೆಲ್ಲ ಬರದ್ರು, ಅದಕ್ಕೇ ಅಷ್ಟು ಬರಾಬರಿ ಕೂಡ್ತದ ಅಂತ ಹೇಳೋ ಪಂಡಿತರೂ ಇದ್ದಾರ. ಅಲ್ಲ, ಮೊದಲೇ ಬರದದ್ದು ಅನ್ನೋರೂ ಇದ್ದಾರ. ನನಗ ಯಾವುದು ಖರೇ ಗೊತ್ತಿಲ್ಲ."

ಅದು ಅವನಿಗೆ ಹಿಡಿಸಲಿಲ್ಲ. ತಮ್ಮನ ಮಗಳು ತನ್ನ ನಂಬಿಕೆಯನ್ನೇ ಬುಡದಿಂದ ಅಲುಗಾಡಿಸಲು ಹೀಗೆ ಹೇಳುತ್ತಿದ್ದಾಳೆಯೆ ಎಂದು ದಾರಿಯುದ್ದಕ್ಕೂ ಯೋಚಿಸಿದ. ಕೊನೆಗೆ, ಇಲ್ಲ, ಹುಡುಗಿ ತನಗೆ ತಿಳಿದದ್ದನ್ನು ಹೇಳಿದಳು ಎಂದುಕೊಂಡ. ಅವಳ ಆ ಎರಡನೆಯ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಇನ್ನು ಅಯ್ಯಗಾರನ ಬಣ್ಣ ಬಯಲು ಮಾಡುವುದೊಂದು ಉಳಿದಿತ್ತು. ಒಂದು ಬುಧವಾರ ಸೇಡಂಗೆ ಹೊರಟ. ಮಂದಿಗೆ ಬೆರಳು ಒತ್ತಬೇಡಿ ಎನ್ನುವವನು ತಾನು ಎಲ್ಲೆಲ್ಲಿ ಒತ್ತುತ್ತಾನೆ ನೋಡಬೇಕು; ಒಳ್ಳೆಯ ಮನೆ, ಹೊಸ ಮೋಟರ್‌ಸೈಕಲ್ಲು ಇರಲೇಬೇಕು ಎಂದು ಅವನ ಲೆಕ್ಕ. ಸ್ಟೇಷನ್ ಹತ್ತಿರದ ಚಹಾದ ಅಂಗಡಿಯಲ್ಲಿ ವಿಳಾಸ ಕೇಳಿ, ಎರಡು ಓಣಿ ದಾಟಿ ಹೋದರೆ, ಸಿಕ್ಕಿದ್ದು ಒಂದೇ ಕೋಣೆಯ ಮನೆ. ಬಾಗಿಲಲ್ಲಿ ಅಯ್ಯಗಾರನ ಹೆಂಡತಿ ಭಾಗ್ಯಜ್ಯೋತಿ ಹೆಸರುಬೇಳೆ ಆರಿಸುತ್ತ ಕುಳಿತಿದ್ದಳು. ಹತ್ತು, ಹನ್ನೆರಡು ವಯಸ್ಸಿನ ಇಬ್ಬರು ಹೆಣ್ಣುಮಕ್ಕಳು ನಡುಮಧ್ಯಾಹ್ನದ ಹೊತ್ತಿನಲ್ಲಿ ಮನೆಯಲ್ಲೇ ಇದ್ದರು.

"ಬರ್ರಿ, ಕುಂದ್ರಿ. ಅವರು ಕಲ್ಲಿನ ಲಾರಿ ಮ್ಯಾಲ ಹಮಾಲಿಗಿ ಹೋಗ್ಯಾರ," ಎಂದು ಅವಳು ನೀರು ಕೊಟ್ಟಳು. ಶಹಾಬಾದಿನವನು, ವಾಡಿಯ ಕೂಟಕ್ಕೆ ಬರುವವರ ಮನೆಯವನು ಎಂದು ತಿಳಿದ ಮೇಲೆ ಮಕ್ಕಳನ್ನು ಹಿತ್ತಲಿಗೆ ಕಳಿಸಿ ದನಿ ತಗ್ಗಿಸಿದಳು.

"ನೀವು ಹಿರಿಯರು, ನೀವರ ಹೇಳಿ ನೋಡ್ರಿ. ರೇಷನ್ ಕಾರ್ಡ್ ವಾಪಸ್ ಕೊಟ್ಟು ಬಂದಾರ. ಸಾಲ್ಯಾಗ ಆಧಾರ್ ಕೇಳಿದ್ರಂತ ಹುಡಿಗ್ಯಾರ ಹೆಸರು ತೆಗಸ್ಯಾರ. ಮುಂದಿನ ಬ್ಯಾಸಿಗಿ ನೋಡ್ತೀವೋ ಇಲ್ಲೋ, ಓದು ಯಾತಕ್ಕಂತಾರ."

"ಅವರು ಖರೇನೇ ಹಂಗ ನಂಬ್ಯಾರೇನಮ್ಮ?"

"ನಂಬ್ಯಾರ್ರಿ ಕಾಕಾ. ಮನ್ಯಾಗೂ ಅದೇ ಮಾತು, ಉಣ್ಣುವಾಗೂ ಅದೇ ಮಾತು. ಮೋಸ ಮಾಡೋ ಮನಶ್ಯಾ ಅಲ್ಲ ಅವರು."

ಅಶೋಕಕುಮಾರ ಹಿಂದಿರುಗುವ ಗಾಡಿ ಹತ್ತಿ ಕಿಟಕಿಯ ಹತ್ತಿರ ಕುಳಿತ. ಕಳ್ಳನನ್ನು ಹಿಡಿಯಲು ಹೋದವನಿಗೆ ಕಳ್ಳನೇ ಸಿಗಲಿಲ್ಲ. ಮೋಸಗಾರನಾಗಿದ್ದರೆ ಕೆಲಸ ಸುಲಭವಿತ್ತು. ನಾಲ್ಕು ಜನರ ಎದುರು ಹೇಳಿದರೆ ಮುಗಿಯುತ್ತಿತ್ತು. ತನ್ನ ಮಕ್ಕಳನ್ನೇ ಶಾಲೆ ಬಿಡಿಸಿದವನನ್ನು ಏನೆಂದು ಹಿಡಿಯುವುದು? ಅವನಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಆ ಭಾನುವಾರ ವಾಡಿಯ ಶೆಡ್ಡಿನಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಅನಸುಬಾಯಿ ಹೆಂಗಸರ ಕಡೆ ಮುಂದೆಯೇ ಕುಳಿತಿದ್ದಳು. ಪ್ರಸಂಗ ಮುಗಿಯುವ ಹೊತ್ತಿಗೆ ಅಶೋಕಕುಮಾರ ಎದ್ದು ನಿಂತ.

"ಅಯ್ಯಗಾರೇ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಓಟ ಚಳಿಗಾಲದಾಗ ಬರಬಾರದು ಅಂತ ಅದ. ನಮ್ಮ ಕಡಿ ಚಳಿಗಾಲದಾಗ ಓಡಿದ್ರ ಏನು ತೊಂದ್ರಿ?"

ಕೆಲವರು ನಕ್ಕರು. ಅಯ್ಯಗಾರ ನಗಲಿಲ್ಲ. ಕೃಶವಾದ, ಬಿಸಿಲಿಗೆ ಸುಟ್ಟ ಮುಖದ ಮನುಷ್ಯ, ಗಮನವಿಟ್ಟು ಕೇಳಿದ.

"ಅದು ಆ ಊರಿನವ್ರಿಗಿ ಹೇಳಿದ ಮಾತು," ಎಂದು ಅಶೋಕಕುಮಾರ ಮುಂದುವರಿಸಿದ. "ನಲವತ್ತು ವರ್ಷದೊಳಗ ರೋಮಿನ ದಂಡು ಬಂತು, ಊರು ಬಿತ್ತು, ಗುಡಿ ಸುಟ್ಟಿತು. ಈ ತಲಿಮಾರು ಅಳಿಯೂದರೊಳಗ ಅಂದಿದ್ರು, ಹಂಗೇ ಆಯ್ತು. ಆಗಿ ಹೋಗಿದ್ದನ್ನ ಇನ್ನೂ ಬರ್ಲಿಕತ್ತದಂತ ಹೇಳಿ ನಮ್ಮ ಹೆಣ್ಣಮಕ್ಕಳಿಗಿ ಯಾಕ ಹೆದರಸ್ತೀರಿ?"

"ಅದೇ ಅಧ್ಯಾಯದಾಗ ಮಾಳಿಗಿ ಮ್ಯಾಲ ಇದ್ದವ ಕೆಳಗಿಳೀಬಾರದು ಅಂತನೂ ಅದ ಅಣ್ಣಾ," ಎಂದ ಅಯ್ಯಗಾರ ಶಾಂತವಾಗಿ. "ನಿಮ್ಮ ಶಾಬಾದಿನ ಮನಿಗಿ ಮಾಳಿಗಿ ಇಲ್ಲೇನು? ಒಂದು ಸಾಲು ನಮಗ ಕೂಡಂಗಿಲ್ಲ ಅಂತೀರಿ, ಇನ್ನೊಂದು ಕೂಡ್ತದಲ್ಲ. ಹೋಗ್ಲಿ, ನಿಮ್ಮ ಮಾತೇ ಖರೇ ಅಂತ ಹಿಡೀರಿ. ಎಲ್ಲ ಆವಾಗೇ ಆಗಿ ಮುಗೀತು. ಹಂಗಾರ ಕರ್ತನಾದ ಯೇಸು ಮತ್ತ ಬರೋದೂ ಮುಗೀತೇನು? ಸತ್ತವ್ರು ಸಮಾಧಿ ಬಿಟ್ಟು ಏಳೋದೂ ಮುಗೀತೇನು? ನಿಮ್ಮ ಮಣ್ಣಿನಾಗ ಮಲಗಿದವ್ರು ಇನ್ನ ಅಲ್ಲೇ ಇರೋದೇನು?"

ಅಶೋಕಕುಮಾರ ಉತ್ತರ ಹುಡುಕುತ್ತ ಹೆಂಗಸರ ಕಡೆ ತಿರುಗಿದ. ಅನಸುಬಾಯಿ ಅವನನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಇನ್ನೊಂದು ಸಲ ಮಾತ್ರ. ಅವನು ಕುಳಿತುಬಿಟ್ಟ.

ಇಬ್ಬರೂ ಆಟೋದಲ್ಲಿ ಶಹಾಬಾದಿಗೆ ಬಂದರು. ಮನೆಗೆ ಬಂದು, ಚಪ್ಪಲಿ ಕಳಚಿ, ಹೊಲಿಗೆ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕುಳಿತ ಮೇಲೆ ಅನಸುಬಾಯಿ ಕೇಳಿದಳು.

"ಪೂನಮ್ ಏಳಂಗಿಲ್ಲೇನು?"

"ನಾ ಹಂಗ ಅಂದಿಲ್ಲ ಅನಸೂ."

"ಎಲ್ಲ ಆಗಿ ಹೋಗ್ಯಾದ ಅಂದ್ರಿ. ಅಯ್ಯಗಾರು ಜಲ್ದಿ ಅದ, ಇನ್ನ ಒಂದೆರಡು ವರ್ಷ ಅಂದಾಗ ನನಗ ಹೆದರಿಕಿ ಆಗಿತ್ತಂತ ತಿಳದೀರೇನು? ನಾ ದಿನ ಎಣಸಾಕತ್ತಿದ್ದೆ. ಭೂಮಿ ನಡಗಿತಂದಾಗ ಎಲ್ಲರೂ ಅಂಜಿದ್ರು. ನಾ ಪೂನಮ್‌ಗಂತ ಇಟ್ಟ ಜಂಪರ್ ಬಟ್ಟಿ ತೆಗದು ನೋಡಿದೆ, ಎದ್ದು ಬಂದ್ರ ತೊಡಾಕ ಬೇಕಲ್ಲ."

ಅಶೋಕಕುಮಾರ ಅಯ್ಯಗಾರನನ್ನು ಅನುಮಾನಿಸಿದ್ದ, ಜಗದೇವಪ್ಪನನ್ನು ಅನುಮಾನಿಸಿದ್ದ, ಹೆಂಡತಿಯ ತಲೆ ಕೆಟ್ಟಿದೆಯೆಂದುಕೊಂಡಿದ್ದ. ಅವಳು ಕಾಯುತ್ತಿದ್ದಾಳೆಂದು ಒಂದು ದಿನವೂ ಹೊಳೆದಿರಲಿಲ್ಲ.

"ಊರು ಬಿದ್ದದ್ದು ಆಗಿ ಹೋಯ್ತು. ಸತ್ತವ್ರು ಏಳೋದು ಆಗಿಲ್ಲ," ಎಂದ. "ಅದು ಬ್ಯಾರೆ. ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಅಲ್ಲೇ ಬರದದ."

"ಈಗ ನನ್ನ ಕಡಿಂದ ಹೆಬ್ಬಟ್ಟು ಒತ್ತಸಾಕ ಹಿಂಗ ಹೇಳ್ತೀರಿ."

"ಇಲ್ಲ."

"ಅವತ್ತು ಡಾಕ್ಟರ್ ಮ್ಯಾಗೂ ನೀವು ಹಿಂಗೇ ಸಂಶೇ ಮಾಡಿದ್ರಿ."

ಎಂಟು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಪೂನಮ್‌ಳ ಜ್ವರದ ಮೂರನೆಯ ದಿನ, ಇಲ್ಲಿ ಆಗುವುದಿಲ್ಲ, ಈಗಲೇ ಕಲಬುರಗಿಗೆ ಒಯ್ಯಿರಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಆ ದೊಡ್ಡ ಆಸ್ಪತ್ರೆಗೂ ಈ ಡಾಕ್ಟರಿಗೂ ಏನೋ ಒಳಗಿನ ಮಾತಿದೆ, ಹೀಗೆ ಕಳಿಸಿದರೆ ಇವರಿಗೆ ಏನೋ ಸಿಗುತ್ತದೆ ಎಂದು ಅಶೋಕಕುಮಾರನಿಗೆ ಅನುಮಾನ ಬಂತು. ಇನ್ನೊಬ್ಬರನ್ನು ಕೇಳೋಣವೆಂದು ಒಂದು ಹಗಲು ಕಳೆದ. ಮರುದಿನ ಕಲಬುರಗಿ ಮುಟ್ಟಿದಾಗ, ನಿನ್ನೆ ತರಬೇಕಾಗಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಆಗಲೂ ಅನಸುಬಾಯಿ ಅವನನ್ನು ಶೆಡ್ಡಿನಲ್ಲಿ ನೋಡಿದ ಹಾಗೆಯೇ ನೋಡಿದ್ದಳು. ಅದರ ಮರುದಿನ ಅವಳು ಹೋದಳು. ಅವಳ ಸಮಾಧಿಗೆಂದು ಅವನು ಕಾರ್ಖಾನೆಯ ಅಂಗಳದಲ್ಲಿ ಇಡೀ ದಿನ ಕಲ್ಲು ಬಡಿದು, ಎಲ್ಲಕ್ಕಿಂತ ಚೊಕ್ಕ ಸದ್ದು ಕೊಟ್ಟ ಒಂದನ್ನು ಆರಿಸಿದ್ದ. ನಿನ್ನೆ ತಂದಿದ್ದರೆ ಉಳಿಯುತ್ತಿದ್ದಳೆ ಎಂಬುದನ್ನು ಯಾರೂ ಅವನಿಗೆ ಖಚಿತವಾಗಿ ಹೇಳಲಿಲ್ಲ. ಅವನೂ ಯಾರನ್ನೂ ಕೇಳಲಿಲ್ಲ.

"ಹೌದು, ಮಾಡಿದ್ದೆ," ಎಂದ. "ಅವತ್ತು ನಂದೇ ತಪ್ಪು."

ಅನಸುಬಾಯಿ ಅಳಲಿಲ್ಲ. "ಹಂಗಾರ ಈಗಿನ ಸಂಶೇ ಬರಾಬರಿ ಅದಂತ ನಾ ಹ್ಯಾಂಗ ನಂಬಲಿ?" ಎಂದು ಕೇಳಿದಳು. ಅವನು ಬೈಬಲ್ ತೆಗೆದು ಆ ಅಧ್ಯಾಯದ ಪುಟ ತೆರೆದು ಹೊಲಿಗೆ ಮಷೀನಿನ ಮೇಲೆ ಇಟ್ಟ. "ನಾ ಹೇಳೋದು ಬ್ಯಾಡ. ನೀನೇ ಓದು," ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಅವಳು ಓದಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ನಂತರದ ಎರಡು ಭಾನುವಾರ ಅವಳು ವಾಡಿಗೆ ಹೋದಳು. ಮೂರನೆಯದಕ್ಕೆ ಹೋಗಲಿಲ್ಲ, ಯಾಕೆಂದು ಅವನು ಕೇಳಲಿಲ್ಲ.

ಹೆಸರು ತೆಗೆಯುವ ಗಡುವಿಗೆ ಎರಡು ದಿನವಿದ್ದಾಗ, ಬೆಳಿಗ್ಗೆ ಹತ್ತು ಗಂಟೆಗೆ, ಅನಸುಬಾಯಿ ಚೀಲ ಹಿಡಿದು ಹೊರಟಳು. ಅಶೋಕಕುಮಾರ ಹತ್ತು ಹೆಜ್ಜೆ ಹಿಂದೆ ಹೋದ. ಅಂಗಡಿಯಲ್ಲಿ ಜಗದೇವಪ್ಪ ಮಷೀನು ಮುಂದೆ ಸರಿಸಿದ. ಅನಸುಬಾಯಿ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈ ಚಾಚಿದಳು.

"ಎಡಗೈ ಯಾಕ್ರಿ ಯವ್ವಾ? ಅನ್ನದ ಕೆಲಸಕ್ಕ ಎಡಗೈ ಕೊಡಬಾರ್ದು."

"ಬಲಗೈ ಕೊಡಂಗಿಲ್ಲ. ಎಡಗೈ ಬಗ್ಗಿ ಎಲ್ಲೂ ಬರದಿಲ್ಲ. ನಿಮ್ಮ ಮಷೀನ್ ತಗೊಂಡ್ರ ತಗೊಳ್ಳಲಿ, ಬಿಟ್ರ ಬಿಡಲಿ."

ಮಷೀನು ಒಂದೇ ಸಲಕ್ಕೆ ತೆಗೆದುಕೊಂಡಿತು. ಜಗದೇವಪ್ಪ ಅಕ್ಕಿ ತೂಗಿದ. ಅಶೋಕಕುಮಾರ ಚೀಲ ಹೆಗಲಿಗೇರಿಸಿಕೊಂಡ. ತಾನು ರೋಮು, ಯೂದಾಯ, ನಲವತ್ತು ವರ್ಷ ಎಂದು ಮಾಡಿದ ವಾದವೆಲ್ಲ ಇವಳ ಈ ಒಂದು ಯುಕ್ತಿಯ ಹತ್ತಿರವೂ ಬರಲಿಲ್ಲ ಎನ್ನಿಸಿತು. ಯುಕ್ತಿಯೋ, ಅಥವಾ ಅವಳು ಒಳಗೊಳಗೆ ತನ್ನ ಮಾತು ಒಪ್ಪಿದ್ದನ್ನು ಮುಚ್ಚಿಟ್ಟುಕೊಳ್ಳುವ ಬಗೆಯೋ, ಅದೂ ಅವನಿಗೆ ಗೊತ್ತಾಗಲಿಲ್ಲ.

ಬೇಸಿಗೆ ಬಂತು, ಹೋಯಿತು. ಅಯ್ಯಗಾರ ವಾಡಿಗೆ ಬರುವುದು ನಿಂತಿತು. ತಾಂಡೂರ ಕಡೆ ಹೋದನೆಂದು ಕೆಲವರು, ಸೇಡಂನಲ್ಲೇ ಇದ್ದಾನೆಂದು ಕೆಲವರು ಹೇಳಿದರು. ಭಾಗ್ಯಜ್ಯೋತಿ ತಾನೇ ಹೋಗಿ ಹುಡುಗಿಯರನ್ನು ಮತ್ತೆ ಶಾಲೆಗೆ ಸೇರಿಸಿದಳೆಂದು ಲುಂಬಿನಿ ಯಾರಿಂದಲೋ ತಿಳಿದು ಫೋನು ಮಾಡಿದಳು. ಅಶೋಕಕುಮಾರನ ಸ್ವಂತ ಚರ್ಚಿನಲ್ಲಿ ಮಾತ್ರ ಬೇರೆ ಸುದ್ದಿ ಹಬ್ಬಿತ್ತು: ಇವನು ಕರ್ತನು ಮತ್ತೆ ಬರುವುದನ್ನೇ ಇಲ್ಲವೆನ್ನುತ್ತಾನೆ, ತಮ್ಮನ ದಾರಿ ಹಿಡಿಯುತ್ತಿದ್ದಾನೆ. ಭಾನುವಾರ ಬೈಬಲ್ ಓದುವವರ ಪಟ್ಟಿಯಲ್ಲಿ ಅವನ ಹೆಸರು ಹಾಕುವುದನ್ನು ಕಮಿಟಿಯವರು ಸದ್ದಿಲ್ಲದೆ ಬಿಟ್ಟರು. ಅವನು ಜಗಳಕ್ಕೆ ಹೋಗಲಿಲ್ಲ. ಯಾರು ಚಾಡಿ ಹೇಳಿರಬಹುದೆಂದು ಒಂದೆರಡು ವಾರ ಪ್ರತಿಯೊಬ್ಬರ ಮುಖ ನೋಡಿದ. ಆಮೇಲೆ ಅದನ್ನೂ ಬಿಟ್ಟ.

ಆ ವರ್ಷ ಮಳೆಗಾಲದ ಮೊದಲಿಗೆ ಇಬ್ಬರೂ ದಂಡೋತಿಗೆ ಮದುವೆಗೆ ಹೊರಟಿದ್ದರು. ಬಸ್ಸಿಗೆ ಕಾಯುತ್ತ ನಿಂತಾಗ ಅನಸುಬಾಯಿ ಇದ್ದಕ್ಕಿದ್ದಂತೆ ಕೇಳಿದಳು.

"ಅವಳು ಎದ್ದು ಬರೋದು ಇನ್ನ ಭಾಳ ತಡಾ ಅದಂತೇ ಹಿಡೀರಿ. ಅಷ್ಟೊತ್ತಿಗೆ ನಾವು ಮುದುಕರಾಗಿ ಸತ್ತಿರ್ತೀವಿ. ನಮ್ಮ ಗುರ್ತು ಹಿಡೀತಾಳೇನು?"

"ಹಿಡೀತಾಳ," ಎಂದ ಅಶೋಕಕುಮಾರ.

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಖರೇ ಹೇಳಿದನೋ ಸಮಾಧಾನಕ್ಕೆ ಹೇಳಿದನೋ ಎಂದು. ಅಷ್ಟರಲ್ಲಿ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಅವಳು ಮೊದಲು ಹತ್ತಿ, ಕಿಟಕಿಯ ಪಕ್ಕದ ಜಾಗದಲ್ಲಿ ಕುಳಿತು, ಪಕ್ಕದ ಸೀಟಿನ ಮೇಲೆ ಅವನಿಗಾಗಿ ತನ್ನ ಚೀಲವಿಟ್ಟಳು.